ತೌಡಿಗೆ ಕೊಟ್ಟ ಮಗಳು

ಹಳ್ಳದ ಆಚೆಗೆ ಗುರುವಾರ ಗುರುವಾರ ಒಂದು ಬಿಳಿ ವ್ಯಾನು ಬರುತ್ತಿತ್ತು. ಅದರ ಹಾರನ್ ಕೇಳಿದರೆ ಸಾಕು, ನನ್ನ ಹೊಟ್ಟೆಗೆ ಬೆಂಕಿ ಬೀಳುತ್ತಿತ್ತು. ವ್ಯಾನಿನಲ್ಲಿ ಡಾಕ್ಟರು, ನರ್ಸಮ್ಮ, ಮುಲಾಮು, ಮಾತ್ರೆ. ಅದರ ಹಿಂದೆಯೇ ಟ್ಯಾಂಕರಿನಲ್ಲಿ ಕುಡಿಯುವ ನೀರು. ಎಲ್ಲವೂ ನಮ್ಮಕ್ಕನ ಊರಿಗೆ. ನಮ್ಮೂರಿಗೆ ಹಾರನ್ ಮಾತ್ರ.

ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ಹಳ್ಳದ ಪಕ್ಕದ ಹಳೇ ಕಲ್ಲುಗುಂಡಿಗೆ ಎಲ್ಲಿಂದಲೋ ಲಾರಿಗಳು ಬಂದು ಫ್ಯಾಕ್ಟರಿ ಕಸ ಸುರಿದು ಹೋಗಿದ್ದವು. ಮಳೆ ಬಿದ್ದರೆ ಗುಂಡಿಯಲ್ಲಿ ಹಳದಿ ನೊರೆ ಏಳುತ್ತಿತ್ತು. ನಮ್ಮ ಬೋರಿನ ನೀರೂ ಅದೇ ನಾತ ಹೊಡೆಯತೊಡಗಿತು. ಎರಡೂ ಊರಿನ ಮಕ್ಕಳಿಗೆ ಮೈಮೇಲೆ ಹುಣ್ಣು. ಆದರೆ ಗುಂಡಿ ಇದ್ದದ್ದು ಹುಣಸೂರು ತಾಲ್ಲೂಕಿನಲ್ಲಂತೆ, ಅಕ್ಕನ ಊರೂ ಅದೇ ತಾಲ್ಲೂಕು. ಹಳ್ಳ ದಾಟಿದರೆ ನಮ್ಮದು ಕೋಟೆ ತಾಲ್ಲೂಕು. ವ್ಯಾನು ಸರ್ಕಾರದ್ದೋ, ಯಾವುದಾದರೂ ಸಂಘದ್ದೋ, ಹಳ್ಳ ಮಾತ್ರ ದಾಟುತ್ತಿರಲಿಲ್ಲ. ನಾವೇ ದಾಟಿ ಹೋದರೂ ಬೇರೆ ತಾಲ್ಲೂಕಿನವರು ಅಂತ ವಾಪಸ್ ಕಳಿಸುತ್ತಿದ್ದರು. ಆ ನೊರೆ ಯಾವ ತಾಲ್ಲೂಕು ಅಂತ ಕೇಳಿಕೊಂಡು ದಾಟಿತ್ತೋ ನಾ ಕಾಣೆ.

ನಮ್ಮಿಬ್ಬರ ಮದುವೆ ಒಂದೇ ಚಪ್ಪರದಲ್ಲಿ ಆಗಿತ್ತು. ನನ್ನ ಗಂಡನ ಮನೆಯವರಿಗೆ ಹೊಗೆಸೊಪ್ಪು ಬೇಯಿಸುವ ಸ್ವಂತ ಬ್ಯಾರನ್ ಇತ್ತು, ಅಕ್ಕನ ಗಂಡನ ಮನೆಯವರಿಗೆ ಇರಲಿಲ್ಲ. ಆಗ ಮುಖ ಊದಿಸಿಕೊಂಡವಳು ಅವಳು. ಈಗ ಅವಳು ಟ್ಯಾಂಕರ್ ನೀರು ತುಂಬಿಕೊಂಡು ಹೋಗುವುದನ್ನು ಈಚೆ ದಡದಲ್ಲಿ ನಿಂತು ನೋಡುವ ಪಾಡು ನನ್ನದು. "ಸಿಹಿನೀರು ಕಣೆ, ಬೇಳೆ ಎಂಗ್ ಬೇಯ್ತದೆ ಅಂತೀಯಾ" ಅಂದಳು ಒಂದು ಸಲ. ಮಣ್ಣಾಗ ನಿನ್ನ ಬೇಳೆ, ಅಂದುಕೊಂಡೆ.

ನನ್ನ ಮಗಳು ಆಗಿನ್ನೂ ಸ್ಕೂಲಿಗೆ ಸೇರದ ಕೂಸು. ಮೊಣಕಾಲಿನಿಂದ ಕೆಳಗೆಲ್ಲ ಹುಣ್ಣು, ಕೆರೆದು ಕೆರೆದು ರಕ್ತ ಬರುತ್ತಿತ್ತು. ಬಸ್ಸು ಹತ್ತಿಸಿಕೊಂಡು ಹೋಗಿ ಹ್ಯಾಂಡ್‌ಪೋಸ್ಟ್ ಪೇಟೆಯ ಡಾಕ್ಟರಿಗೆ ತೋರಿಸಿದೆ. ಅವರು ಔಷಧಿ ಬರೆದುಕೊಟ್ಟು, "ನೀರು ಬದಲಾಯಿಸದೆ ಇದು ವಾಸಿಯಾಗಲ್ಲಮ್ಮ" ಅಂದರು. ನಾನು ನೀರನ್ನು ಎಲ್ಲಿಂದ ತರಲಿ?

ದಾರಿ ತೋರಿಸಿದ್ದು ನಮ್ಮತ್ತೆ. ನಮ್ಮ ಕಡೆ ಕೂಸಿಗೆ ಕಾಯಿಲೆ ಬಿಡದೆ ಕಾಡಿದರೆ ಅದನ್ನು ಮೊರದಲ್ಲಿ ಕೂರಿಸಿ ಬೇರೆಯವರಿಗೆ ತೌಡಿಗೆ ಕೊಟ್ಟುಬಿಡುತ್ತಿದ್ದರು. ಒಂದು ಸೇರು ತೌಡು ಕೊಟ್ಟು ಕೊಂಡವರಿಗೆ ಅವತ್ತಿನಿಂದ ಅದು ಸ್ವಂತ ಕೂಸು, ಕಾಯಿಲೆಗೆ ಗುರುತು ತಪ್ಪಿಹೋಗುತ್ತದೆ ಅನ್ನುವ ನಂಬಿಕೆ. ವಾಸಿಯಾದ ಮೇಲೆ ತೌಡು ವಾಪಸ್ ಕೊಟ್ಟು ಕರೆತರಬೇಕು. "ನಿಮ್ಮಕ್ಕಂಗೇ ಕೊಡು ಕಣವ್ವ. ಅಲ್ಲೇ ಇರ್ಲಿ, ಆ ನೀರೇ ಕುಡೀಲಿ. ನರ್ಸಮ್ಮ ಕೇಳುದ್ರೂ ಸುಳ್ಳೇಳ್ದಂಗಾಗಲ್ಲ" ಅಂದರು.

ಅಕ್ಕ ತೌಡು ತಂದಳು. ನಾನು ಮೊರ ಅವಳ ಕೈಗೆ ದಾಟಿಸಿದೆ. "ನಿಮ್ಮವ್ವ ಯಾರು ಅಂತ ಯಾರಾದ್ರೂ ಕೇಳುದ್ರೆ ದೊಡ್ಡವ್ವನ್ನ ತೋರ್ಸು, ಮರೀಬ್ಯಾಡ" ಅಂತ ಮಗಳಿಗೆ ಹೇಳಿಕೊಟ್ಟವಳೂ ನಾನೇ.

ಆಮೇಲೆ ಪ್ರತಿ ಗುರುವಾರ ವ್ಯಾನಿನ ಮುಂದೆ ಅಕ್ಕನ ಸೊಂಟದ ಮೇಲೆ ನನ್ನ ಮಗಳು. ಹುಣ್ಣು ಒಣಗುತ್ತಾ ಬಂತು. ನಾನು ದಿನಾ ಸಂಜೆ ಹೋಗುತ್ತಿದ್ದೆ, ಓಡಿ ಬಂದು ಸೆರಗು ಹಿಡಿಯುತ್ತಿದ್ದಳು. ಹೊಗೆಸೊಪ್ಪು ಕಟ್ಟುವ ಕೆಲಸ ಶುರುವಾದ ಮೇಲೆ ದಿನಾ ಹೋಗಲು ಆಗಲಿಲ್ಲ. ಬಿಡುವಾದಾಗ ಹೋದರೆ ಅವಳು ಆಟ ಬಿಟ್ಟು ತಲೆ ಎತ್ತುತ್ತಿರಲಿಲ್ಲ. ಅಕ್ಕ ಅವಳಿಗೆ ಕೆಂಪು ರಿಬ್ಬನ್ ಕಟ್ಟಿ ಎರಡು ಜಡೆ ಹಾಕಿದ್ದಳು, ನಾನು ಹಾಕುತ್ತಿದ್ದುದು ಒಂದೇ. ಗಂಡುಮಕ್ಕಳನ್ನೇ ಹೆತ್ತವಳು, ಜಡೆ ಹಾಕುವ ಆಸೆಯನ್ನು ನನ್ನ ಮಗಳ ತಲೆಯಲ್ಲಿ ತೀರಿಸಿಕೊಳ್ಳುತ್ತಿದ್ದಾಳೆ ಅಂತ ಮೈಯೆಲ್ಲ ಉರಿಯಿತು. ನೀರಿಗಾಗಿ ಪಟ್ಟ ಹೊಟ್ಟೆಕಿಚ್ಚು ಇದರ ಮುಂದೆ ಏನೇನೂ ಅಲ್ಲ.

ನಮ್ಮೂರಿನವರು ಓಡಾಡಿ, ಜಗಳಾಡಿ, ಮುಂದಿನ ವರ್ಷ ವ್ಯಾನನ್ನೂ ಟ್ಯಾಂಕರನ್ನೂ ಹಳ್ಳ ದಾಟಿಸಿದರು. ಸುದ್ದಿ ಕೇಳಿದ್ದೇ ತೌಡು ಅಳೆದುಕೊಂಡು ಹೊರಟೆ. ಅಕ್ಕ ಜಗಳಕ್ಕೆ ನಿಲ್ಲುತ್ತಾಳೆ ಅಂತ ಬೈಗುಳ ಜೋಡಿಸಿಕೊಂಡೇ ಹೋಗಿದ್ದೆ. ಅವಳು ತೌಡನ್ನು ಹಸುವಿನ ಬಾನಿಗೆ ಸುರಿದಳು, ಮಗಳ ಬಟ್ಟೆ ಗಂಟು ಕಟ್ಟಿಕೊಟ್ಟಳು. ರಿಬ್ಬನ್ನನ್ನು ಮಾತ್ರ ಬಿಚ್ಚಿ ಇನ್ನೊಂದು ಸಲ ಕಟ್ಟಿದಳು.

ಆ ಗುರುವಾರ ವ್ಯಾನು ನಮ್ಮ ಅರಳಿಕಟ್ಟೆಯ ಮುಂದೆ ನಿಂತಿತು. ಎಲ್ಲರಿಗಿಂತ ಮುಂಚೆ ಹೋಗಿ ನಿಂತವಳು ನಾನು. ಅದೇ ನರ್ಸಮ್ಮ ಮಗಳ ಕಾಲು ನೋಡಿ, ಒಂದು ಹುಣ್ಣು ಇನ್ನೂ ಹಸಿ ಇದೆ ಅಂತ ಮುಲಾಮಿನ ಡಬ್ಬಿ ಕೈಗೆತ್ತಿಕೊಂಡರು. ಆಮೇಲೆ ಮುಖ ನೋಡಿ ಗುರುತು ಹಿಡಿದರು. "ಅರೆ, ನೀನಾ ಪುಟ್ಟಿ? ಇಲ್ಲೇನು ಮಾಡ್ತಿದ್ದೀಯ? ನಿಮ್ಮಮ್ಮ ಎಲ್ಲಿ?"

ಮಗಳು ಹಳ್ಳದ ಆಚೆಗೆ ಬೆರಳು ತೋರಿಸಿದಳು.

ನರ್ಸಮ್ಮ ನನ್ನ ಕಡೆ ತಿರುಗಿ, "ಹಂಗಾದ್ರೆ ನೀವು ಚಿಕ್ಕಮ್ಮನಾ?" ಅಂತ ಕೇಳಿದರು.

ಅವ್ವ ನಾನೇ ಅಂದರೆ ಹಳೇ ಸುಳ್ಳು ಬಯಲಾಗುತ್ತಿತ್ತು, ಮುಲಾಮಿನ ಡಬ್ಬಿ ಇನ್ನೂ ಅವರ ಕೈಯಲ್ಲೇ ಇತ್ತು. ಹೂಂ ಅಂದೆ.