ಬಾಣಂತಿಯ ಬಚ್ಚಲಿಗೆ ಗಾಳಿ

ಗಾಳಿ ಎಂದರೆ ನಮ್ಮಮ್ಮನಿಗೆ ಶತ್ರು. ತಂಗಿ ಬಾಣಂತನಕ್ಕೆಂದು ಕೂಸು ಎತ್ತಿಕೊಂಡು ಬಾಣಸವಾಡಿಯ ನಮ್ಮ ಮನೆಗೆ ಬಂದ ದಿನವೇ ಅಮ್ಮ ಕಿಟಕಿಗಳನ್ನೆಲ್ಲ ಮುಚ್ಚಿದಳು. ಬಾಣಂತಿಗೆ ಶೀತವಾಗಬಾರದಂತೆ. ಸರಿ, ಸಹಿಸಿಕೊಂಡೆ. ಆದರೆ ಬಚ್ಚಲಿನ ವೆಂಟಿಲೇಟರ್ ಕಿಂಡಿಗೂ ಹಳೇ ಸೀರೆ ತುರುಕಿದ್ದು ನೋಡಿ ಮೈ ಉರಿದುಹೋಯಿತು. ಆ ಗೂಡಿನಂಥ ಬಚ್ಚಲಲ್ಲೇ ಗ್ಯಾಸ್ ಗೀಸರ್ ಇರುವುದು.

"ಅಮ್ಮ, ಗೀಸರ್ ಉರಿಯುವಾಗ ವಿಷದ ಗ್ಯಾಸ್ ಬರುತ್ತೆ. ಕಣ್ಣಿಗೆ ಕಾಣಲ್ಲ, ವಾಸನೆನೂ ಇರಲ್ಲ. ಅದು ಹೊರಗೆ ಹೋಗ್ಬೇಕು."

"ಗೀಸರ್ ಇರೋದು ಮೇಲೆ ಗೋಡೇಲಿ. ಅವಳು ಕೂರೋದು ಕೆಳಗೆ ಮಣೆ ಮೇಲೆ. ಅದರ ಪಾಡಿಗೆ ಅದು ಮೇಲಿರುತ್ತೆ ಬಿಡೆ."

ಹಲಸೂರಿನ ಒಂದು ಶಾಲೆಯಲ್ಲಿ ಮಕ್ಕಳಿಗೆ ಪ್ರತಿ ವರ್ಷ ಗಂಟಲು ಹರಿದುಕೊಂಡು ಹೇಳುವ ಪಾಠವನ್ನೇ ಅಮ್ಮನಿಗೂ ಹೇಳಿದೆ.

"ಮಣೆ ಎಲ್ಲಿಟ್ರೂ ಮಣೆನೇ. ಅದರ ಆಕಾರನೂ ಬದಲಾಗಲ್ಲ, ಗಾತ್ರನೂ ಬದಲಾಗಲ್ಲ. ನೀರು ಚೊಂಬಲ್ಲಿದ್ರೆ ಚೊಂಬಿನ ಆಕಾರ, ಬಕೆಟ್ಟಲ್ಲಿದ್ರೆ ಬಕೆಟ್ಟಿನ ಆಕಾರ. ಆದ್ರೆ ಒಂದು ಚೊಂಬು ನೀರು ಬಕೆಟ್ ತುಂಬುತ್ತಾ? ಇಲ್ಲ. ಗ್ಯಾಸಿಗೆ ಸ್ವಂತ ಆಕಾರನೂ ಇಲ್ಲ, ಗಾತ್ರನೂ ಇಲ್ಲಮ್ಮ. ಒಂಚೂರು ಬಿಟ್ರೂ ಇಡೀ ಬಚ್ಚಲು ಹರಡ್ಕೊಳ್ಳುತ್ತೆ, ಮೇಲೆ, ಕೆಳಗೆ, ಮೂಲೆ ಮೂಲೆಗೂ."

"ನಿನ್ನ ಪಾಠ ಸ್ಕೂಲಲ್ಲಿ ಇಟ್ಕೋ. ಬಾಣಂತನ ಅಂದ್ರೆ ನಿಂಗೇನೇ ಗೊತ್ತು? ಹೆತ್ತಿದ್ದೀಯಾ?"

ಹೆತ್ತಿಲ್ಲ. ಮದುವೆಯೂ ಆಗಿಲ್ಲ. ಅದಕ್ಕೂ ಇದಕ್ಕೂ ಏನು ಸಂಬಂಧ? ಸೀರೆ ಕಿತ್ತು ಬಿಸಾಕಿ ಶಾಲೆಗೆ ಹೋದೆ. ಸಂಜೆ ಬಂದು ನೋಡಿದರೆ ಸೀರೆ ಮತ್ತೆ ಅಲ್ಲೇ, ಅದರ ಮೇಲೊಂದು ರಟ್ಟು ಬೇರೆ! ಮತ್ತೆ ಕಿತ್ತೆ, ಮತ್ತೆ ತುರುಕಿದಳು. ಇಂಥ ಹಟಮಾರಿಯನ್ನು ನಾನು ಕಂಡಿಲ್ಲ.

ಆ ಭಾನುವಾರ ಬೆಳಿಗ್ಗೆ ಅಮ್ಮ ತಂಗಿಯ ಮೈಗೆ ಎಣ್ಣೆ ತಿಕ್ಕಿ ಸ್ನಾನಕ್ಕೆ ಕಳಿಸಿದ್ದಳು. ತಂಗಿಗೆ ಸಂಕೋಚ ಜಾಸ್ತಿ, ಒಳಗಿಂದ ಚಿಲಕ ಹಾಕಿಕೊಂಡಿದ್ದಳು. ನಾನು ರಸೆಲ್ ಮಾರುಕಟ್ಟೆಯಿಂದ ಬಂದು ತರಕಾರಿ ಚೀಲ ಇಳಿಸುತ್ತಿದ್ದೆ. ಅಳುತ್ತಿದ್ದ ಕೂಸನ್ನು ಅಮ್ಮ ತೊಡೆಯ ಮೇಲೆ ತೂಗುತ್ತಿದ್ದಳು. ಬಚ್ಚಲೊಳಗೆ ನಲ್ಲಿ ಸುರಿಯುತ್ತಿತ್ತು, ಮೈಮೇಲೆ ನೀರು ಹುಯ್ದುಕೊಳ್ಳುವ ಸದ್ದೇ ಇಲ್ಲ. ಕೂಗಿದೆ. ಉತ್ತರವಿಲ್ಲ.

"ಬಿಸಿನೀರು ಹಿತವಾಗಿರುತ್ತೆ, ನಿಧಾನಕ್ಕೆ ಮಾಡ್ಲಿ ಬಿಡೆ" ಎಂದಳು ಅಮ್ಮ.

ಚೀಲ ಬಿಟ್ಟು ಓಡಿದೆ. ಚಿಲಕ ಕಿತ್ತು ಬರುವವರೆಗೂ ಬಾಗಿಲಿಗೆ ಒದ್ದೆ. ತಂಗಿ ಗೋಡೆಗೊರಗಿ ಕತ್ತು ವಾಲಿಸಿಕೊಂಡು ಬಿದ್ದಿದ್ದಳು. ಗೀಸರ್ ಆರಿಸಿ, ಅವಳನ್ನು ಎಳೆದು ತಂದು, ಟವೆಲ್ ಸುತ್ತಿ ವರಾಂಡದಲ್ಲಿ ಮಲಗಿಸಿದೆ.

"ಅಯ್ಯಯ್ಯೋ, ಹೊರಗೆ ಬೇಡ್ವೇ, ಶೀತ!"

"ಬಾಯ್ಮುಚ್ಚು!" ಎಂದು ಕಿರುಚಿದೆ. ಹೆತ್ತ ತಾಯಿಗೆ ಹಾಗಂದದ್ದಕ್ಕೆ ಇವತ್ತಿಗೂ ನನಗೆ ಬೇಜಾರಿಲ್ಲ.

ಆಸ್ಪತ್ರೆಯಲ್ಲಿ ಆಕ್ಸಿಜನ್ ಕೊಟ್ಟರು. ಸದ್ಯ, ಬದುಕಿದಳು. ಅವಳು ಮನೆಗೆ ಬಂದ ಮೇಲೆ ನೋಡಲು ಬಂದವರಿಗೆಲ್ಲ ಅಮ್ಮ ಹೇಳಿದ್ದೇನು ಗೊತ್ತೇ? "ಯಾರದೋ ಕಣ್ಣು ಬಿತ್ತು ಕಣ್ರೀ." ಕಣ್ಣಂತೆ, ಕಣ್ಣು! ಬಂದವರ ಎದುರು ಜಗಳ ಬೇಡವೆಂದು ಕಾಫಿ ಮಾಡಲು ಎದ್ದುಹೋದೆ.

ಅಷ್ಟರಲ್ಲಿ ಗೀಸರ್ ಕೀಳಿಸಿ, ಬಚ್ಚಲಿಗೆ ಹೊಸ ಬಾಗಿಲು ಹಾಕಿಸಿದ್ದೆ. ಅಡುಗೆಮನೆಯ ಒಲೆಯಲ್ಲಿ ನೀರು ಕಾಯಿಸಿ ಕೊಟ್ಟೆ. ತಂಗಿ ಬಾಗಿಲು ತೆರೆದಿಟ್ಟೇ ಮಣೆಯ ಮೇಲೆ ಕೂತಳು.

"ಬಾಗಿಲು ಹಾಕ್ಕೊಳ್ಳೇ, ಗಾಳಿ ಬರುತ್ತೆ" ಎಂದಳು ಅಮ್ಮ.

ಅಮ್ಮನಿಗೆ ಎಂದೂ ಎದುರಾಡದ ತಂಗಿ ತಲೆಯೆತ್ತಿ ನೋಡಿದಳು.

"ಹಾಕಲ್ಲಮ್ಮ. ಅವತ್ತು ಮಗು ಅಳ್ತಾ ಇದ್ದಿದ್ದು ಒಳಗೆ ನಂಗೆ ಕೇಳಿಸ್ತಾ ಇತ್ತು. ಏಳೋಕಾಗ್ಲಿಲ್ಲ."