ಕರೆಂಟಿಲ್ಲದ ಮನೆಯ ಫ್ರಿಜ್ಜು

ನಿನ್ನೆ ಒರೆಸಲೆಂದು ಫ್ರಿಜ್ ಆರಿಸಿ, ಸ್ವಲ್ಪ ಹೊತ್ತು ಬಿಟ್ಟು ಬಾಗಿಲು ತೆಗೆದೆ. ತಣ್ಣಗಿಲ್ಲದ ಫ್ರಿಜ್ಜಿಗೆ ಒಂದು ವಾಸನೆಯಿದೆ, ಮುಚ್ಚಿಟ್ಟ ರಬ್ಬರಿನದು. ಅದರ ಜೊತೆಗೆ ರಾಗಿಹಿಟ್ಟಿನ ವಾಸನೆಯೂ ಬಂದಂತಾಯಿತು... ನಾನು ಫ್ರಿಜ್ಜಿನಲ್ಲಿ ರಾಗಿಹಿಟ್ಟು ಇಡುವುದೇ ಇಲ್ಲ.

ನಂಜನಗೂಡಿನ ನಮ್ಮ ಬೀದಿಯ ಹಿಂದೆ ರೈಸ್‌ಮಿಲ್ಲು. ಅಲ್ಲಿನ ಇಲಿಗಳೆಲ್ಲ ಹಿಂದಿನ ಮನೆಯ ಅಜ್ಜಿಯ ಪಾಲಿಗೆ. ಮೂಗೂರು ಕಡೆಯ ಒಂಟಿ ಜೀವ, ಊದುಬತ್ತಿ ಹೊಸೆದು ಬದುಕುತ್ತಿತ್ತು. ನಮ್ಮ ಕೆಟ್ಟುಹೋದ ಫ್ರಿಜ್ಜನ್ನು ಗುಜರಿಗೆ ಹಾಕುವ ಬದಲು ಅಜ್ಜಿಗೆ ಕೊಟ್ಟೆ. ಅಜ್ಜಿಯ ಮನೆಗೆ ಕರೆಂಟೇ ಇರಲಿಲ್ಲ. ಅದರೊಳಗೆ ರೇಷನ್ ಅಕ್ಕಿ, ರಾಗಿಹಿಟ್ಟು, ಎರಡು ಒಳ್ಳೆಯ ಸೀರೆ ಇಟ್ಟುಕೊಂಡಿತು. ಕೈಗೆ ಊದುಬತ್ತಿಯ ಕಪ್ಪು ಹಿಟ್ಟು ಮೆತ್ತಿರುವಾಗ, ಬಿಳಿ ಬಾಗಿಲು ಕೊಳೆಯಾಗಬಾರದೆಂದು ಮೊಣಕೈಯಿಂದ ತೆಗೆಯುತ್ತಿತ್ತು.

ಮನೆಮನೆ ಸಮೀಕ್ಷೆಯವರು ಬಂದ ದಿನ ಅಜ್ಜಿ ಊದುಬತ್ತಿ ಕಟ್ಟು ಒಪ್ಪಿಸಲು ಹೋಗಿತ್ತು. ಬಿಸಿಲಲ್ಲಿ ನಿಂತಿದ್ದವರನ್ನು ಕರೆದು ಕಾಫಿ ಕೊಟ್ಟೆ. ಇನ್ನೊಮ್ಮೆ ಬರುವುದು ತಪ್ಪಲೆಂದು ಅಜ್ಜಿಯ ಮನೆಯ ಪ್ರಶ್ನೆಗಳನ್ನೂ ನನ್ನನ್ನೇ ಕೇಳಿದರು. ಗೋಡೆ, ಸೂರು, ಸ್ಕೂಟರ್...

"ಫ್ರಿಜ್ ಇದ್ಯಾ ಮೇಡಂ?"

"ಇದೆ. ನಾವೇ ಕೊಟ್ಟಿದ್ದು."

ಕೇಳಿದ್ದಕ್ಕೆ ನಿಜ ಹೇಳಬೇಕೆಂದು ಕಾನ್ವೆಂಟಿನಲ್ಲಿ ಸಿಸ್ಟರ್ ಕಲಿಸಿದ್ದರು. ಹೇಳಿದೆ. ಅದು ಓಡುತ್ತದೆಯೇ ಎಂದು ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ಕೊಟ್ಟವರು ಯಾರೆಂದೂ ಕೇಳಿರಲಿಲ್ಲ. ಅದನ್ನು ಮಾತ್ರ ಹೇಳಿದ್ದೆ.

ಕೆಲವು ತಿಂಗಳಿಗೆ ಅಜ್ಜಿಯ ಬಿಪಿಎಲ್ ಕಾರ್ಡು ರದ್ದಾಯಿತು. ಫ್ರಿಜ್ ಇರುವ ಮನೆ ಬಡವರ ಮನೆಯಲ್ಲವಂತೆ. ಅಜ್ಜಿ ನಮ್ಮ ಹಿತ್ತಲ ಬಾಗಿಲಿಗೆ ಬಂದು ನಿಂತಿತು.

"ಕರೆಂಟೇ ಇಲ್ದ ಮನೆ ಕಣವ್ವ. ಇಲಿ ಕಾಟಕ್ಕೆ ಮಡಿಕಂಡದೆ ಅಂತ ಒಂದ್ ಮಾತ ಏಳಬಾರ್ದಾಗಿತ್ತಾ? ಕೊಟ್ಟಿದ್ನ ಮಾತ್ರ ಊರಿಗೆಲ್ಲ ಸಾರ್ಬುಟ್ಟೆ."

ಕಾಫಿ ಕೊಟ್ಟೆ. ಕುಡಿಯಲಿಲ್ಲ.

ಫ್ರಿಜ್ ತೆಗೆದುಹಾಕಿ, ಮುಂದಿನ ಸಮೀಕ್ಷೆಯಲ್ಲಿ ನೋಡೋಣ ಎಂದರಂತೆ ಕಚೇರಿಯಲ್ಲಿ. ಅಜ್ಜಿ ಅದನ್ನು ಗುಜರಿಯವನಿಗೆ ಕೊಟ್ಟುಬಿಟ್ಟಿತು. ತಳ್ಳುಗಾಡಿಗೆ ಏರಿಸುವಾಗ ನೋಡಿದೆ, ಬಾಗಿಲ ಮೇಲೆ ಒಂದು ಕಪ್ಪು ಬೆರಳಿನ ಗುರುತೂ ಇರಲಿಲ್ಲ. ಹಿಟ್ಟು ಮತ್ತೆ ಚೀಲಕ್ಕೆ ಬಂತು, ಇಲಿಗಳೂ ಬಂದವು. ಆ ಮಳೆಗಾಲದಲ್ಲಿ ಅಜ್ಜಿಗೆ ಇಲಿಜ್ವರ ಹಿಡಿಯಿತು. ಬನ್ನೂರಿನಿಂದ ಬಂದ ಅಜ್ಜಿಯ ತಮ್ಮ ಮೈಸೂರಿಗೆ ಕರೆದೊಯ್ದ. ಆಸ್ಪತ್ರೆಯಲ್ಲಿ ಕಾರ್ಡು ಕೇಳಿದರು. ಇಲ್ಲವೆಂದಾಗ ಮುಂಗಡ ಕಟ್ಟಿ ಎಂದರು. ಅಕ್ಕ ತಮ್ಮ ಸಂಜೆಯ ಬಸ್ಸಿಗೆ ವಾಪಸ್ಸು ಬಂದರು. ಮುಂಗಡ ಎಷ್ಟೆಂದು ನಾನು ವಿಚಾರಿಸಲಿಲ್ಲ. ಗಂಜಿ ಮಾಡಿ ಕೊಟ್ಟೆ... ಮೂರನೆಯ ದಿನ ಆ ಪಾತ್ರೆ ತೊಳೆದು ತಂದುಕೊಟ್ಟವನು ತಮ್ಮ. ಅಜ್ಜಿ ಬೆಳಗ್ಗೆಯೇ ತೀರಿಕೊಂಡಿತ್ತು.

ಇವತ್ತು ಮತ್ತೆ ಸಮೀಕ್ಷೆಯವರು ಬಂದಿದ್ದರು. ಬೇರೆಯವರು, ಮೊಬೈಲಿನಲ್ಲೇ ತುಂಬಿಸಿಕೊಳ್ಳುವವರು. ಕಾಫಿ ಕೊಟ್ಟೆ.

"ಹಿಂದಿನ ಮನೇಲಿ ಯಾರಿದ್ದಾರೆ ಮೇಡಂ?"

ಹೇಳಬೇಕೆಂದು ಬಾಯಿ ತೆರೆದೆ. ಅವರ ಬೆರಳು ಪರದೆಯ ಮೇಲೆ ಕಾಯುತ್ತಿತ್ತು.

"ಯಾರೂ ಇಲ್ಲ."

"ಹಾಗಾದ್ರೆ ನಿಮ್ಮ ಬೀದೀಲಿ ಬಡವ್ರೇ ಇಲ್ಲ ಬಿಡಿ," ಎಂದು ನಕ್ಕು ಲೋಟ ಕೆಳಗಿಟ್ಟರು.

ಅವರು ತುಂಬಿಸಿಕೊಂಡದ್ದು ತಪ್ಪೇನಲ್ಲ. ಇದ್ದದ್ದು ಅದೊಂದೇ ಜೀವ.