ತಾತನ ಸ್ಕೂಟರಿನ ನಂಬರು 8191

ಸೊಗಡಿನ ಅವರೆಕಾಯಿಯ ವಾಸನೆ ಮೂಗಿಗೆ ಬಿದ್ದರೆ ಸಾಕು, ನನಗೆ ಇವತ್ತಿಗೂ ಭಾಗಾಕಾರ ನೆನಪಾಗುತ್ತದೆ. ನಗಬೇಡಿ. ನಿಮಗೂ ಹೀಗೆ ಯಾವುದೋ ಒಂದು ವಾಸನೆಯ ಹಿಂದೆ ಇಡೀ ಮನೆಯೇ ಎದ್ದು ಬರುತ್ತಿರಬಹುದು. ನನಗೆ ಬರುವುದು ವಿಜಯನಗರದ ನಮ್ಮ ಮನೆ, ಅದರ ಕೆಂಪು ನೆಲದ ಹಾಲ್, ಅಲ್ಲಿ ಗುಡ್ಡೆ ಹಾಕಿದ ಕಾಯಿ, ಸುತ್ತ ಕೂತ ನಮ್ಮವರು. ತಾತ ತೀರಿಕೊಂಡ ಮೇಲಿನ ಮೊದಲ ಚಳಿಗಾಲ ಅದು. ನನ್ನನ್ನು ಮುಂದೆ ನಿಲ್ಲಿಸಿಕೊಂಡು ಸ್ಕೂಲಿಗೆ ಬಿಡುತ್ತಿದ್ದ ಅವನ ಸ್ಕೂಟರು ಗೇಟಿನೊಳಗೆ ಧೂಳು ತಿನ್ನುತ್ತ ನಿಂತಿತ್ತು. ಮಾಗಡಿ ರೋಡಿನ ಗುಜರಿಯವನು ಮಧ್ಯಾಹ್ನ ಬರುತ್ತಾನೆ, ಕೊಟ್ಟುಬಿಡೋಣ ಎಂದು ಅಪ್ಪ ಹೇಳಿದ್ದೇ ತಡ, ನಾನು ಅಳು ಶುರು ಮಾಡಿದೆ.

ಆಗ ಬಾಯಿ ಹಾಕಿದವಳು ಅಪ್ಪನ ತಂಗಿ ಕುಸುಮತ್ತೆ. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಿದ್ದಳು. "ಅಣ್ಣ, ಆ ಗಾಡಿ ನಂಬರ್ ನೋಡಿದೀಯಾ? 8191. ಹದಿಮೂರು ಎರಡುಗಳನ್ನ ಗುಣಿಸಿ ಒಂದು ಕಳೆದ್ರೆ ಇದೇ ಬರತ್ತೆ. ಅವಿಭಾಜ್ಯ ಕಣೋ. ಒಂದು ಮತ್ತೆ ಅದೇ, ಇವೆರಡು ಬಿಟ್ರೆ ಯಾವುದ್ರಿಂದ್ಲೂ ಭಾಗ ಹೋಗಲ್ಲ. ಇಂಥದ್ದನ್ನ ಯಾರಾದ್ರೂ ಗುಜರಿಗೆ ಹಾಕ್ತಾರಾ?"

"ಹೋಗಲ್ಲ ಅಂತ ಅವನು ಬರೋದ್ರೊಳಗೆ ತೋರಿಸ್ಬಿಡಿ, ಮಾರಲ್ಲ. ಯಾವುದೋ ಒಂದ್ರಲ್ಲಿ ಭಾಗ ಹೋದ್ರೂ ಗುಜರಿಗೇ" ಎಂದ ಅಪ್ಪ.

ಅದೆಂಥ ಮಧ್ಯಾಹ್ನ ಅಂತೀರಿ! ತೊಂಬತ್ತರೊಳಗಿನ ಅವಿಭಾಜ್ಯಗಳಿಂದ ಭಾಗಿಸಿ ನೋಡಿದರೆ ಸಾಕು, ಅದಕ್ಕಿಂತ ದೊಡ್ಡವೆರಡನ್ನು ಗುಣಿಸಿದರೆ 8191 ದಾಟಿಯೇ ಹೋಗುತ್ತದೆ ಎಂದು ಅತ್ತೆ ವಿವರಿಸಿ, ಕಾಯಿಯ ಜೊತೆಗೆ ಸಂಖ್ಯೆಗಳನ್ನೂ ಎಲ್ಲರಿಗೂ ಹಂಚಿದಳು. ಕ್ಯಾಲ್ಕುಲೇಟರ್ ಮುಟ್ಟಬಾರದೆಂದು ಚಿಕ್ಕಪ್ಪನ ಹೊಸ ಮೊಬೈಲನ್ನು ಅಜ್ಜಿ ಸೆರಗಿನಲ್ಲಿ ಗಂಟು ಹಾಕಿಕೊಂಡಳು. ನೆಲದ ತುಂಬ ಸೀಮೆಸುಣ್ಣದ ಲೆಕ್ಕ. ಮೂರರಿಂದ ಭಾಗಿಸಿದೆ, ಒಂದು ಉಳಿಯಿತು. ಏಳರಿಂದ ಒಂದು. ಹದಿಮೂರರಿಂದಲೂ ಒಂದೇ. ಕೂದಲೆಳೆಯಲ್ಲಿ ತಪ್ಪಿಸಿಕೊಳ್ಳುತ್ತಿತ್ತು ಆ ಸಂಖ್ಯೆ, ಪ್ರತಿ ಸಲವೂ ನನ್ನ ಜೀವ ಬಾಯಿಗೆ ಬರುತ್ತಿತ್ತು. ಅಷ್ಟರಲ್ಲಿ ಚಿಕ್ಕಪ್ಪ, "ಅಯ್ಯೋ, ಐವತ್ತೊಂಬತ್ತರಲ್ಲಿ ಹೋಯ್ತಲ್ಲ" ಎಂದ. ಸುಲಿಯುವ ಕೈಗಳೆಲ್ಲ ನಿಂತವು. ಅತ್ತೆ ಬಗ್ಗಿ ನೋಡಿದಳು. "ಇನ್ನೂರಿಪ್ಪತ್ತೊಂಬತ್ತರಲ್ಲಿ ನೂರ ಎಪ್ಪತ್ತೇಳು ಕಳೆದ್ರೆ ಐವತ್ತೆರಡು ಕಣೋ ದಡ್ಡ, ಐವತ್ತಮೂರಲ್ಲ" ಎಂದು ಅವನ ತಲೆಗೆ ಮೊಟಕಿದಳು. ಸರಿ ಮಾಡಿದರೆ ನಲವತ್ತೊಂಬತ್ತು ಉಳಿಯಿತು.

ಕೊನೆಗೆ ಬಾಕಿಯಿದ್ದದ್ದು ಎಂಬತ್ತೊಂಬತ್ತು, ಅದು ಅಪ್ಪನದು. ಗೇಟಿನಲ್ಲಿ ಗುಜರಿಯವನು "ಸಾರ್" ಎಂದು ಕೂಗಿದ. ಅಪ್ಪ ತಲೆಯೆತ್ತಲಿಲ್ಲ. ನಿಧಾನವಾಗಿ ಬರೆದು, ಇನ್ನೊಮ್ಮೆ ಕಳೆದು ನೋಡಿ, "ಮೂರು ಉಳೀತು ಕಣೇ ಪುಟ್ಟಿ" ಎಂದು ನನ್ನನ್ನು ಎತ್ತಿಕೊಂಡುಬಿಟ್ಟ. ಅವನ ಕೆನ್ನೆ ಒದ್ದೆಯಾಗಿತ್ತು. ಗಾಡಿ ಕೊಡಲು ಅಪ್ಪನಿಗೂ ಮನಸ್ಸಿರಲಿಲ್ಲವೆಂದು ನನಗೆ ಗೊತ್ತಾದದ್ದೇ ಆಗ. ಗುಜರಿಯವನಿಗೆ ಅಜ್ಜಿ ಒಂದು ಲೋಟ ಕಾಫಿ ಕೊಟ್ಟು ಕಳಿಸಿದಳು.

ಆ ಮನೆ ಈಗಿಲ್ಲ. ಅಜ್ಜಿ ಹೋದಳು, ಅತ್ತೆ ಹೋದಳು, ಕಡೆಗೆ ಅಪ್ಪನೂ. ಸ್ಕೂಟರಿನ ನಂಬರ್ ಪ್ಲೇಟೊಂದು ನನ್ನ ಅಡುಗೆಮನೆಯ ಗೋಡೆಯ ಮೇಲಿದೆ. ಅವರೆಕಾಯಿ ತಂದ ದಿನ, ಸುಲಿಯಲು ಕೂರುವ ಮುಂಚೆ, ಆ ನಂಬರನ್ನು ಎಂಬತ್ತೊಂಬತ್ತರಿಂದ ಭಾಗಿಸುತ್ತೇನೆ, ಅಪ್ಪನ ಹಾಗೇ ನಿಧಾನವಾಗಿ. ಈಗಲೂ ಮೂರೇ ಉಳಿಯುತ್ತದೆ.